ಬಂಗಾರ ಆಮೇಲೆ, ಅಂಚು ಮೊದಲು

ಚಿತ್ರ ನೋಡಬೇಡ ಅಂತ ನಾನು ಹೇಳುವುದಿಲ್ಲ ಮಗು. ಹೇಳಿದರೂ ನೀನು ಕೇಳುವವಳಲ್ಲ. ಲಂಡನ್ನಿನ ಹಸ್ತಪ್ರತಿ ಕೋಣೆಯಲ್ಲಿ ನಿನ್ನ ಮುಂದೆ ಅಂಗೈಯಗಲದ ಒಂದು ಲ್ಯಾಟಿನ್ ಪ್ರಾರ್ಥನಾ ಪುಸ್ತಕ ತಂದಿಟ್ಟರೆ ಅದರ ಬಂಗಾರ ಕಣ್ಣನ್ನು ಎಳೆಯದೇ ಬಿಡುವುದಿಲ್ಲ. ಎಳೆಯಲಿ. ಮರಿಯಮ್ಮನವರ ನೀಲಿ ಸೆರಗು, ದೇವದೂತನ ರೆಕ್ಕೆ, ಅಂಚಿನ ಬಳ್ಳಿಯಲ್ಲಿ ಬಸವನಹುಳದ ಜೊತೆ ಕಾದಾಡುವ ಸೈನಿಕ, ಎಲ್ಲ ನೋಡಿ ಖುಷಿಪಡು. ಆಮೇಲೆ ಪುಸ್ತಕ ಮುಚ್ಚಿ, ಚಿತ್ರವೇ ಇಲ್ಲ ಅಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡು. ನಿನ್ನ ಕೆಲಸ ಇರುವುದು ಅಲ್ಲಿ.

ಮೊದಲು ಕೈ ತೊಳೆದುಕೋ, ಚೆನ್ನಾಗಿ ಒರೆಸಿಕೋ. ಸಿನಿಮಾಗಳಲ್ಲಿ ಹಾಕಿಕೊಳ್ಳುವ ಬಿಳಿ ಕೈಗವಸು ಕೇಳಬೇಡ. ಹತ್ತಿಯ ಕೈಗವಸು ಹಾಕಿದರೆ ಬೆರಳಿಗೆ ಸೂಕ್ಷ್ಮ ತಿಳಿಯುವುದಿಲ್ಲ, ಹಾಳೆಯ ತುದಿಗೆ ದಾರ ಸಿಕ್ಕಿಕೊಳ್ಳುತ್ತದೆ. ಬ್ರಿಟಿಷ್ ಲೈಬ್ರರಿಯವರೇ ಶುಚಿಯಾದ, ಒಣಗಿದ ಬರಿಗೈ ಸಾಕು ಅನ್ನುತ್ತಾರೆ. ಪೆನ್ನು ಹೊರಗಿಡು, ಪೆನ್ಸಿಲ್ ಒಳಗೆ. ನೀನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿ ಹಿಡಿದು ಪಳಗಿದವಳು, ಈ ಶಿಸ್ತು ನಿನಗೆ ಹೊಸದಲ್ಲ. ಆದರೆ ಓಲೆ ಬಿದ್ದಲ್ಲೇ ಬಿದ್ದಿರುತ್ತದೆ. ಚರ್ಮದ ಹಾಳೆ ಹಾಗಲ್ಲ. ಅದು ಗಾಳಿಯ ತೇವ ಕುಡಿದು ಉಬ್ಬುತ್ತದೆ, ಒಣಗಿದರೆ ಸುರುಳಿಕೊಳ್ಳುತ್ತದೆ, ಒಂದು ಕಾಲದಲ್ಲಿ ತಾನಿದ್ದ ಪ್ರಾಣಿಯ ಆಕಾರಕ್ಕೆ ಮರಳಲು ಹಟ ಹಿಡಿಯುತ್ತದೆ. ಹಳೆಯ ರಟ್ಟುಗಳು ಓಕ್ ಮರದ ಹಲಗೆಯಾಗಿದ್ದದ್ದು, ಅದಕ್ಕೆ ಹಿತ್ತಾಳೆಯ ಕೊಂಡಿ ಇದ್ದದ್ದು ಬರೀ ಶೋಕಿಗಲ್ಲ. ಬಿಗಿಹಿಡಿಯದಿದ್ದರೆ ಆ ಪುಸ್ತಕ ತಾನಾಗಿಯೇ ಬಾಯಿ ಬಿಡುತ್ತಿತ್ತು.

ಈ ಪುಸ್ತಕ ಏನು ಅಂತ ಒಂದೆರಡು ಮಾತು. ಇಂಗ್ಲಿಷಿನವರು ಬುಕ್ ಆಫ್ ಅವರ್ಸ್ ಅನ್ನುತ್ತಾರೆ. ಮಠದ ಸನ್ಯಾಸಿಗಳು ದಿನಕ್ಕೆ ಎಂಟು ಹೊತ್ತು ಮಾಡುತ್ತಿದ್ದ ಪ್ರಾರ್ಥನೆಯನ್ನು ಮನೆಯಲ್ಲಿರುವ ಗೃಹಸ್ಥರಿಗಾಗಿ ಚಿಕ್ಕದು ಮಾಡಿಕೊಟ್ಟದ್ದು. ಮ್ಯಾಟಿನ್ಸ್‌ನಿಂದ ಕಂಪ್ಲಿನ್‌ವರೆಗೆ ಎಂಟು ಯಾಮ; ಮೊದಲಿಗೆ ವರ್ಷದ ಹಬ್ಬಗಳ ಪಂಚಾಂಗ, ನಡುವೆ ಮೇರಿಯ ಪ್ರಾರ್ಥನೆಗಳು, ಪಶ್ಚಾತ್ತಾಪದ ಏಳು ಕೀರ್ತನೆ, ಸಂತರ ಹೆಸರು ಕರೆಯುವ ಲಿಟನಿ, ಕೊನೆಗೆ ಸತ್ತವರಿಗಾಗಿ ಪ್ರಾರ್ಥನೆ. 13ನೇ ಶತಮಾನದಿಂದ 16ನೇ ಶತಮಾನದವರೆಗೆ ರಾಣಿಗೂ ಇದು ಬೇಕಿತ್ತು, ಬಟ್ಟೆ ವ್ಯಾಪಾರಿಯ ಹೆಂಡತಿಗೂ ಬೇಕಿತ್ತು. ಮಧ್ಯಯುಗದ ಚಿತ್ರಿತ ಪುಸ್ತಕಗಳಲ್ಲಿ ಇವೇ ಅತಿ ಹೆಚ್ಚು ಉಳಿದಿರುವುದು. ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯದು 1240ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಡಿ ಬ್ರೈಲ್ಸ್ ಎಂಬ ಚಿತ್ರಗಾರ ಬರೆದದ್ದು. ಆ ಪುಣ್ಯಾತ್ಮ ಚಿತ್ರದಲ್ಲಿ ತನ್ನನ್ನೂ ಸೇರಿಸಿಕೊಂಡು, ಪಕ್ಕದಲ್ಲಿ ಹೆಸರೂ ಬರೆದುಕೊಂಡಿದ್ದಾನೆ. ಆ ಕಾಲದ ಚಿತ್ರಗಾರರಲ್ಲಿ ಇದು ಅಪರೂಪ.

ಹಾಳೆಯಿಂದ ಶುರು ಮಾಡು. ಕರುವಿನದೋ ಕುರಿಯದೋ ಆಡಿನದೋ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಉದುರಿಸಿ, ಚೌಕಟ್ಟಿಗೆ ಎಳೆದು ಕಟ್ಟಿ, ಅರ್ಧಚಂದ್ರದಂಥ ಕತ್ತಿಯಿಂದ ಹೆರೆದು ಮಾಡಿದ್ದು. (ಕರುವಿನ ಚರ್ಮ ಅಂದರೆ ನಿನ್ನ ಅಜ್ಜಿ ಮುಖ ಸಿಂಡರಿಸುವುದು ಗೊತ್ತು. ಅವರಿಗೆ ಇದೊಂದು ವಿವರ ಬರೆಯಬೇಡ.) ಕೂದಲಿದ್ದ ಬದಿ ತುಸು ಹಳದಿ, ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲ ಬೇರಿನ ಚುಕ್ಕಿಗಳು ಕಾಣುತ್ತವೆ. ಮಾಂಸದ ಬದಿ ಬಿಳಿ, ನುಣುಪು. ಒಳ್ಳೆಯ ಲಿಪಿಕಾರರು ಹಾಳೆ ಜೋಡಿಸುವಾಗ ಕೂದಲ ಬದಿಗೆ ಎದುರು ಕೂದಲ ಬದಿ, ಮಾಂಸದ ಬದಿಗೆ ಎದುರು ಮಾಂಸದ ಬದಿ ಬರುವಂತೆ ಮಡಿಸುತ್ತಿದ್ದರು. ತೆರೆದಿಟ್ಟ ಎರಡೂ ಪುಟ ಒಂದೇ ಬಣ್ಣ ಕಾಣಲಿ ಅಂತ. 1885ರಲ್ಲಿ ಕ್ಯಾಸ್ಪರ್ ರೆನೆ ಗ್ರೆಗರಿ ಎಂಬ ವಿದ್ವಾಂಸ ಇದನ್ನು ಗುರುತಿಸಿ ಹೇಳಿದ. ಈ ನಿಯಮದಲ್ಲೇ ನಿನ್ನ ಅರ್ಧ ಪತ್ತೇದಾರಿ ಇದೆ. ಪುಟ ತಿರುಗಿಸುತ್ತಾ ಹೋಗುವಾಗ ಎಲ್ಲೋ ಒಂದು ಕಡೆ ಎಡಕ್ಕೆ ಹಳದಿ, ಬಲಕ್ಕೆ ಬಿಳಿ ಸಿಕ್ಕಿತು ಅನ್ನು. ಅಲ್ಲಿ ನಿಲ್ಲು. ಒಂದು ಹಾಳೆ ಹೋಗಿರಬಹುದು, ಅಥವಾ ಬಂದು ಸೇರಿಕೊಂಡಿರಬಹುದು.

ಎಂಟು ಹಾಳೆಗಳ ಮಡಿಕೆಕಟ್ಟು ಸಾಮಾನ್ಯ, ಅಂದರೆ ನಾಲ್ಕು ಜೋಡಿಹಾಳೆ ಒಂದರೊಳಗೊಂದು ಕೂಡಿಸಿ ನಡುವೆ ಹೊಲಿದದ್ದು. ಕಟ್ಟಿನ ಕೊನೆಯ ಪುಟದ ಕೆಳಗೆ ಮುಂದಿನ ಕಟ್ಟಿನ ಮೊದಲ ಪದವನ್ನು ಬರೆದಿಟ್ಟಿರುತ್ತಾರೆ, ರಟ್ಟು ಕಟ್ಟುವವನು ಹಿಂದುಮುಂದು ಮಾಡದಿರಲಿ ಅಂತ. ಹೊಲಿಗೆಯ ದಾರ ಕಾಣುವ ಪುಟಗಳನ್ನು ಗುರುತು ಹಾಕಿಕೊಂಡು, ಕಟ್ಟುಕಟ್ಟಾಗಿ ಎಣಿಸು. ಬೇಸರದ ಕೆಲಸ, ನಿಜ. ಇದನ್ನು ಬಿಟ್ಟವರ ವಿವರಣೆಯನ್ನು ನಾನು ನಂಬುವುದಿಲ್ಲ. ಎಣಿಸುವಾಗ ಬೆನ್ನಿನ ಹತ್ತಿರ ಬೆರಳಗಲದ ಚರ್ಮದ ಪಟ್ಟಿ ಮಾತ್ರ ಉಳಿದದ್ದು ಸಿಕ್ಕರೆ ಅಲ್ಲೊಂದು ಹಾಳೆಯನ್ನು ಯಾರೋ ಕತ್ತರಿಸಿದ್ದಾರೆ. ಹೆಚ್ಚಾಗಿ ಅದು ಚಿತ್ರದ ಹಾಳೆಯೇ. ಎದುರಿನ ಪುಟದ ಮೇಲೆ ಬಣ್ಣದ ಮಸುಕು ಅಚ್ಚು ಉಳಿದಿದ್ದರೆ ಹೋದ ಚಿತ್ರದ ಚೌಕಟ್ಟಿನ ಅಳತೆಯೂ ಸಿಗುತ್ತದೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಫ್ಲಾಂಡರ್ಸಿನ ಬ್ರೂಜ್ ಊರಿನಲ್ಲಿ ಚಿತ್ರಗಳನ್ನು ಬಿಡಿ ಹಾಳೆಗಳಲ್ಲಿ ಬರೆದಿಟ್ಟುಕೊಂಡು, ಗಿರಾಕಿ ಬಂದಾಗ ಪಠ್ಯದ ನಡುವೆ ಸೇರಿಸಿ ಹೊಲಿಯುತ್ತಿದ್ದರು. ಅಂಥ ಹಾಳೆಯ ಹಿಂಬದಿ ಬರೀ ಖಾಲಿ. ಇಂಗ್ಲೆಂಡಿನ ಸ್ಯಾರಮ್ ಪದ್ಧತಿಯ ಪಠ್ಯ, ಫ್ಲಾಂಡರ್ಸಿನ ಕೈ: ಹೀಗೆ ಇಂಗ್ಲಿಷ್ ಮಾರುಕಟ್ಟೆಗೆಂದೇ ಅವರು ಪುಸ್ತಕ ತಯಾರಿಸಿ ಹಡಗಿಗೆ ಹಾಕುತ್ತಿದ್ದರು. ಆದ್ದರಿಂದ ಪಂಚಾಂಗದಲ್ಲಿ ಇಂಗ್ಲಿಷ್ ಸಂತರಿದ್ದಾರೆ ಅಂತ ಇಂಗ್ಲೆಂಡಿನಲ್ಲೇ ಬರೆದದ್ದು ಅಂದುಬಿಡಬೇಡ.

ಅಂಚಿಗೆ ಬಾ. ಹಾಳೆಯ ಹೊರತುದಿಯಲ್ಲಿ ಸೂಜಿಯಿಂದ ಚುಚ್ಚಿದ ತೂತುಗಳ ಸಾಲು ಇದೆಯೇ ನೋಡು. ಗೆರೆ ಎಳೆಯಲು ಅಳತೆಗೆ ಚುಚ್ಚಿದ್ದು ಅವು. ಇದ್ದರೆ ಹಾಳೆ ಹೆಚ್ಚುಕಡಿಮೆ ಮೊದಲಿನ ಅಗಲದಲ್ಲೇ ಇದೆ. ಇಲ್ಲದಿದ್ದರೆ, ಅದರ ಜೊತೆಗೆ ಅಂಚಿನ ಹೂಬಳ್ಳಿಯ ತಲೆಯೂ ಹಾರಿಹೋಗಿದ್ದರೆ, ಆಮೇಲಿನ ಯಾವನೋ ರಟ್ಟುಗಾರ ನೀಟಾಗಲಿ ಅಂತ ಕತ್ತರಿ ಆಡಿಸಿದ್ದಾನೆ. ಚರ್ಮದಲ್ಲೇ ಇದ್ದ ತೂತುಗಳು ಬೇರೆ. ಬದುಕಿದ್ದಾಗ ಹುಳ ಕಚ್ಚಿದ್ದೋ ಸುಲಿಯುವಾಗ ಕತ್ತಿ ತಾಗಿದ್ದೋ ಚೌಕಟ್ಟಿಗೆ ಎಳೆದಾಗ ದುಂಡಗೆ ಅಗಲವಾಗುತ್ತದೆ. ಲಿಪಿಕಾರ ಪದ ಮುರಿದು ಅದರ ಆಚೆಗೆ ದಾಟಿ ಬರೆಯುತ್ತಾನೆ. ಮಿತವ್ಯಯದ ಸಂಸಾರದ ಜಾಣ್ಮೆ ಅದು, ಹಾಳೆ ದುಬಾರಿ. ಅಕ್ಷರ ಮೊದಲೋ ತೂತು ಮೊದಲೋ ಅಂತ ನೋಡಿದರೆ ತೂತಿನ ವಯಸ್ಸು ತಿಳಿಯುತ್ತದೆ.

ಮಸಿಯ ವಿಷಯದಲ್ಲಿ ನಿನಗೆ ತವರಿನ ನೆನಪಾದೀತು. ಬಾಣಂತಿ ಮನೆಯಲ್ಲಿ ಮಗುವಿಗೆ ಬಜೆಯ ಜೊತೆ ತೇಯುವ ಮಾಚಿಕಾಯಿ ಇದೆಯಲ್ಲ, ಓಕ್ ಮರದ ಮೇಲೆ ಕಣಜದಂಥ ಸಣ್ಣ ಹುಳ ಮೊಟ್ಟೆಯಿಟ್ಟು ಆಗುವ ಗಂಟು, ಅದೇ ಜಾತಿಯದನ್ನು ಜಜ್ಜಿ ನೆನೆಸಿ, ಅನ್ನಭೇದಿ ಹಾಕಿ, ಗೋಂದು ಕೂಡಿಸಿದರೆ ಈ ಮಸಿ. ಬರೆದಾಗ ತಿಳಿಯಾಗಿದ್ದದ್ದು ಗಾಳಿ ತಾಗಿ ಕಪ್ಪಾಗುತ್ತದೆ, ಚರ್ಮವನ್ನು ಕಚ್ಚಿಕೊಳ್ಳುತ್ತದೆ. ಕಾಲ ಕಳೆದ ಮೇಲೆ ಕಂದಿದ ಕಂದು. ನಾವು ಓಲೆಯನ್ನು ಕಂಟದಿಂದ ಕೊರೆದು ಮಸಿ ಒರೆಸುತ್ತೇವೆ. ಅವರು ಹೆಬ್ಬಾತಿನ ಗರಿಯಲ್ಲಿ ಮೇಲೆ ಬರೆದರೂ ಮಸಿಯೇ ಒಳಗೆ ಕೊರೆದುಕೊಂಡು ಹೋಗುತ್ತದೆ. ಅದಕ್ಕೇ ತಪ್ಪಾದರೆ ಒರೆಸಲು ಆಗುವುದಿಲ್ಲ, ಚಾಕುವಿನಿಂದ ಹೆರೆಯಬೇಕು. ಹೆರೆದ ಜಾಗ ನೂಲೆದ್ದಿರುತ್ತದೆ, ಬೆಳಕನ್ನು ಅಡ್ಡ ಹಿಡಿದರೆ ಒರಟು ಕಾಣುತ್ತದೆ.

ಇನ್ನು ಬಣ್ಣಗಳು. ಕೆಂಪು ಇಂಗಳೀಕದ್ದು. ನೀಲಿ ಎರಡು ಬಗೆ: ತಾಮ್ರದ ಅದಿರಾದ ಅಜುರೈಟ್, ಮತ್ತೆ ದುಡ್ಡಿದ್ದವರಿಗೆ ಅಫ್ಘಾನಿಸ್ತಾನದ ಬದಖ್ಶಾನದ ಗಣಿಯಿಂದ ಒಂಟೆ, ಹಡಗು, ವೆನಿಸ್ ದಾಟಿ ಬಂದ ಲಾಜವರ್ದ. ಕೆಲವು ಗುಲಾಬಿ-ಕೆಂಪುಗಳ ಹಿಂದೆ ನಮ್ಮ ಕಡೆಯ ಸರಕೂ ಇದೆ. ಭಾರತದ ಅರಗಿನಿಂದ ತೆಗೆದ ಬಣ್ಣ, ಪತಂಗದ ಚಕ್ಕೆಯ ಬಣ್ಣ ಯುರೋಪಿನ ಚಿತ್ರಗಾರರು ಬಣ್ಣ ಕಲಸುವ ಚಿಪ್ಪುಗಳಿಗೆ ಹೋಗುತ್ತಿತ್ತು. ಹಸಿರು ಕಂಡರೆ ಹಾಳೆಯ ಹಿಂದೆ ತಿರುಗಿಸಿ ನೋಡು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಚರ್ಮವನ್ನು ತಿಂದುಕೊಂಡು ಆಚೆ ಬದಿಗೆ ಕಂದು ಕಲೆಯಾಗಿ ಮೂಡಿರುತ್ತದೆ, ಕೆಲವೊಮ್ಮೆ ಬಿರುಕು ಬಿಟ್ಟಿರುತ್ತದೆ. ಕಪ್ಪಗಿನ ನದಿ, ಕಪ್ಪಗಿನ ಕತ್ತಿ ಕಂಡರೆ ಅದು ಒಂದು ಕಾಲದ ಬೆಳ್ಳಿ. ಬಂಗಾರ ಮಾತ್ರ ಕೆಡುವುದಿಲ್ಲ. ಸುಣ್ಣಗಾರೆಯಂಥ ಉಬ್ಬು ಮೆತ್ತೆಯ ಮೇಲೆ ರೇಕು ಅಂಟಿಸಿ ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ಉಜ್ಜಿದ್ದು, ಏಳುನೂರು ವರ್ಷವಾದರೂ ನಿನ್ನೆ ಮಾಡಿದಂತೆ ಇರುತ್ತದೆ. ಅದಕ್ಕೇ ಬಂಗಾರದಿಂದ ನೀನು ಕಲಿಯುವುದು ಕಡಿಮೆ. ಅದು ಯಜಮಾನನ ಜೇಬಿನ ಸುದ್ದಿ ಹೇಳುತ್ತದೆ, ಅಷ್ಟೆ.

ಹಾಗಂತ ಶ್ರೀಮಂತರ ಪುಸ್ತಕವೆಲ್ಲ ಬಂಗಾರಮಯ ಅಂದುಕೊಳ್ಳಬೇಡ. ಫ್ರಾನ್ಸಿನ ರಾಣಿ ಜಾನ್ ದೆವ್ರೂಗಾಗಿ 1324–28ರ ನಡುವೆ ಜಾನ್ ಪ್ಯೂಸೆಲ್ ಮಾಡಿದ ಪುಸ್ತಕ ನ್ಯೂಯಾರ್ಕಿನ ಕ್ಲೋಯಿಸ್ಟರ್ಸ್ ಸಂಗ್ರಹಾಲಯದಲ್ಲಿದೆ. ಒಂದು ಪುಟ ಸುಮಾರು 9 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ಅಗಲ. ಹೆಚ್ಚಿನ ಚಿತ್ರ ಬರೀ ಬೂದುಬಣ್ಣದ ಛಾಯೆಗಳಲ್ಲಿ. 209 ಹಾಳೆ, ಅಂಚುಗಳಲ್ಲಿ ನೂರಾರು ಸಣ್ಣ ಆಕೃತಿಗಳು. ಹಾಳೆ ಎಷ್ಟು ತೆಳುವಿರಬೇಕು ಅಂತ ಊಹಿಸು. ಅದನ್ನು ಮಾಡಿದವನಿಗಿಂತ ಆ ಚರ್ಮ ಹದ ಮಾಡಿದ ಹೆಸರಿಲ್ಲದವನ ಮೇಲೆ ನನಗೆ ಹೆಚ್ಚು ಗೌರವ.

ಪಂಚಾಂಗದ ಪುಟಗಳಲ್ಲಿ ನಿಧಾನ ಮಾಡು, ಚಿತ್ರವಿಲ್ಲವೆಂದು ಹಾರಿಸಬೇಡ. ದೊಡ್ಡ ಹಬ್ಬ ಕೆಂಪಿನಲ್ಲಿ, ಸಾಧಾರಣದ್ದು ಕಪ್ಪಿನಲ್ಲಿ. ಜನವರಿ 3ರ ಸಂತ ಜೆನೆವಿಯೆವ್‌ಗೆ ವಿಶೇಷ ಮರ್ಯಾದೆ ಇದ್ದರೆ ಪ್ಯಾರಿಸ್ ಕಡೆ ನೋಡು. ಅಕ್ಟೋಬರ್ 14ರ ಡೊನೇಷಿಯನ್ ಕೆಂಪಾಗಿದ್ದರೆ ಬ್ರೂಜ್. ಇಂಗ್ಲಿಷ್ ಪುಸ್ತಕವಾದರೆ ನೇರ ಡಿಸೆಂಬರ್ 29ಕ್ಕೆ ಹೋಗು. ಅದು 1170ರಲ್ಲಿ ಕ್ಯಾಂಟರ್ಬರಿಯಲ್ಲಿ ಕೊಲೆಯಾದ ಥಾಮಸ್ ಬೆಕೆಟ್‌ನ ದಿನ. ಪೋಪನೊಡನೆ ಮುನಿಸಿಕೊಂಡ ಎಂಟನೇ ಹೆನ್ರಿ 1538ರಲ್ಲಿ, ರಾಜನಿಗೆ ಎದುರು ನಿಂತ ಈ ಸಂತನ ಹೆಸರು ಎಲ್ಲ ಪುಸ್ತಕಗಳಿಂದಲೂ ಹೋಗಬೇಕು ಅಂತ ಆಜ್ಞೆ ಹೊರಡಿಸಿದ. ಪೋಪನ ಬಿರುದಿಗೂ ಅದೇ ಗತಿ. ಕೆಲವರು ಚರ್ಮ ತೂತಾಗುವಂತೆ ಹೆರೆದಿದ್ದಾರೆ. ಕೆಲವರು ಮೇಲೊಂದು ತೆಳು ಗೆರೆ ಎಳೆದು, ಓದಲು ಬರುವಂತೆಯೇ ಬಿಟ್ಟಿದ್ದಾರೆ. ಕೆಲವರು ಮುಟ್ಟೇ ಇಲ್ಲ. ಆ ಮನೆಯಲ್ಲಿ ರಾಜನ ಮೇಲೆ ಎಷ್ಟು ಭಯವಿತ್ತು, ಸಂತನ ಮೇಲೆ ಎಷ್ಟು ಭಕ್ತಿಯಿತ್ತು ಅನ್ನುವ ಲೆಕ್ಕ ಆ ಒಂದು ಸಾಲಿನ ಒರಟುತನದಲ್ಲಿ ಸಿಗುತ್ತದೆ. ಬೇರೆ ಯಾವ ದಾಖಲೆಯಲ್ಲೂ ಆ ಕುಟುಂಬ ಅದನ್ನು ಬಾಯಿಬಿಟ್ಟಿರಲಾರದು.

ಪ್ರಾರ್ಥನೆಯಲ್ಲಿ ಬೇಡಿಕೊಳ್ಳುವವರು ಹೆಣ್ಣೋ ಗಂಡೋ ಅಂತ ಲ್ಯಾಟಿನ್ ವ್ಯಾಕರಣ ಹೇಳಿಬಿಡುತ್ತದೆ. ‘ನಿನ್ನ ದಾಸಿ’ ಅಂತ ಸ್ತ್ರೀಲಿಂಗದಲ್ಲಿದ್ದರೆ ಅದು ಹೆಂಗಸಿಗಾಗಿ ಬರೆದದ್ದು ಅನ್ನಲು ಒಳ್ಳೆಯ ಆಧಾರ. ಪುಲ್ಲಿಂಗ ಇದ್ದರೆ ಅಷ್ಟು ನಂಬಬೇಡ, ಲಿಪಿಕಾರ ಮೂಲಪ್ರತಿಯಿಂದ ಅಭ್ಯಾಸಬಲದಲ್ಲಿ ಇಳಿಸಿಕೊಂಡಿರಬಹುದು.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಕೊಳೆ. ಪುಟದ ಕೆಳಮೂಲೆಯಲ್ಲಿ ಹೆಬ್ಬೆರಳು ಇಟ್ಟ ಜಾಗ ಕಪ್ಪಾಗಿರುತ್ತದೆ. ಕೆಲವು ಪುಟದಲ್ಲಿ ಹೆಚ್ಚು, ಕೆಲವದರಲ್ಲಿ ಇಲ್ಲವೇ ಇಲ್ಲ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಕ್ಯಾಥ್ರಿನ್ ರೂಡಿ ಅವರು ನೆದರ್ಲೆಂಡ್ಸ್‌ನ ಪ್ರಾರ್ಥನಾ ಪುಸ್ತಕಗಳ ಮೇಲೆ ಡೆನ್ಸಿಟೋಮೀಟರ್ ಎಂಬ ಉಪಕರಣ ಇಟ್ಟು, ಪುಟಪುಟಕ್ಕೂ ಕಪ್ಪು ಎಷ್ಟೆಂದು ಅಳೆದು 2010ರಲ್ಲಿ ಪ್ರಕಟಿಸಿದರು. ಯಾವ ಪ್ರಾರ್ಥನೆ ದಿನವೂ ಓದುತ್ತಿದ್ದರು, ಯಾವುದನ್ನು ಹಾರಿಸುತ್ತಿದ್ದರು ಅನ್ನುವುದು ಒಂದು ನಕ್ಷೆಯಾಗಿ ಸಿಕ್ಕಿತು. ಪಾಪಕ್ಷಮೆ ಕೊಡುವ ಪ್ರಾರ್ಥನೆಗಳು, ಪ್ಲೇಗಿನಿಂದ ಕಾಪಾಡುವ ಸಂತ ಸೆಬಾಸ್ಟಿಯನ್ನನ ಪುಟ ಇಂಥವು ಮಾಸಿಹೋಗಿದ್ದವು. ರಾತ್ರಿಯ ಉದ್ದ ಪ್ರಾರ್ಥನೆ ಶುರುವಿನಲ್ಲಿ ಕಪ್ಪು, ಮುಂದೆ ಮುಂದೆ ಬಿಳಿ: ಓದುತ್ತ ಓದುತ್ತ ಕಣ್ಣು ಎಳೆದಿತ್ತು ಅನ್ನಲು ಅಷ್ಟು ಸಾಕು. ನಿನ್ನ ಹತ್ತಿರ ಉಪಕರಣ ಇಲ್ಲದಿದ್ದರೂ ಕಣ್ಣಿದೆ. ಯೇಸುವಿನ ಮುಖವೋ ಪಾದವೋ ಮುತ್ತಿಟ್ಟು ಮುತ್ತಿಟ್ಟು ಬಣ್ಣ ಹೋಗಿದ್ದರೆ ‘ಚಿತ್ರ ಹಾಳಾಗಿದೆ’ ಅಂತ ಬರೆದುಬಿಡಬೇಡ. ಏನಾಯಿತೋ ಅದನ್ನು ಬರೆ. ಖಾಲಿ ಹಾಳೆಯಲ್ಲಿ ದುಂಡನೆಯ ಅಚ್ಚು, ಸುತ್ತ ಸೂಜಿತೂತು ಇದ್ದರೆ ಯಾತ್ರೆಯಿಂದ ತಂದ ಲೋಹದ ಬಿಲ್ಲೆ ಹೊಲಿದಿಟ್ಟಿದ್ದರು ಅಂತ ತಿಳಿ. ಚಿತ್ರದ ಮೇಲ್ತುದಿಯಲ್ಲಿ ಸಾಲು ತೂತಿದ್ದರೆ ಅಲ್ಲಿ ಒಂದು ಚೂರು ರೇಷ್ಮೆಯ ಪರದೆ ಇತ್ತು.

ಬರಹಗಳೂ ಇರುತ್ತವೆ. ಬ್ರಿಟಿಷ್ ಲೈಬ್ರರಿಯಲ್ಲೇ ಇರುವ ಒಂದು ಪುಸ್ತಕದಲ್ಲಿ, ಗಾಯಗೊಂಡ ಯೇಸುವಿನ ಚಿತ್ರದ ಕೆಳಗೆ ಅದೇ ಎಂಟನೇ ಹೆನ್ರಿ ಫ್ರೆಂಚಿನಲ್ಲಿ ಪ್ರೇಮ ನಿವೇದಿಸಿಕೊಂಡಿದ್ದಾನೆ. ಮಗ ಹುಟ್ಟುವನೆಂದು ದೇವದೂತ ಮೇರಿಗೆ ತಿಳಿಸುವ ಚಿತ್ರದ ಕೆಳಗೆ, ಮುಂದೆ ಅವನ ರಾಣಿಯಾದ ಆ್ಯನ್ ಬೊಲೀನ್ ಇಂಗ್ಲಿಷಿನಲ್ಲಿ ಉತ್ತರ ಬರೆದಿದ್ದಾಳೆ. ಯಾವ ಪುಟ ಆರಿಸಿಕೊಂಡಳು ನೋಡು, ಎಂಥ ಜಾಣೆ! 1536ರಲ್ಲಿ ಅವನೇ ಅವಳ ತಲೆ ತೆಗೆಸಿದ. ಥೇಮ್ಸ್ ನದಿಯ ಆಚೆ ದಡದ ಲ್ಯಾಂಬೆತ್ ಅರಮನೆಯ ಗ್ರಂಥಾಲಯದಲ್ಲಿ ಇನ್ನೊಂದಿದೆ, ಮೂರನೇ ರಿಚರ್ಡ್‌ನದು. ಅವನಿಗಾಗಿ ಮಾಡಿಸಿದ್ದಲ್ಲ, 1420ರ ಸುಮಾರಿಗೆ ಬರೆದ, ಆಡಂಬರವಿಲ್ಲದ ಹಳೆಯ ಪುಸ್ತಕ. ರಾಜನಾದವನು ಬೇಕೆಂದರೆ ಫ್ಲಾಂಡರ್ಸಿನಿಂದ ಹೊಸದು ತರಿಸಬಹುದಿತ್ತು. ಪಂಚಾಂಗದ ಅಕ್ಟೋಬರ್ 2ರ ಎದುರು, ರಾಜ ರಿಚರ್ಡ್ ಫಾಥರಿಂಗ್‌ಹೇಯಲ್ಲಿ 1452ರಲ್ಲಿ ಈ ದಿನ ಹುಟ್ಟಿದ ಅಂತ ಲ್ಯಾಟಿನ್ನಿನಲ್ಲಿ ತಾನೇ ಬರೆದುಕೊಂಡಿದ್ದಾನೆ. 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ಅವನು ಸತ್ತ ಮೇಲೆ ಪುಸ್ತಕ ಸೇರಿದ್ದು ಗೆದ್ದವನ ತಾಯಿ ಮಾರ್ಗರೆಟ್ ಬೋಫರ್ಟ್ ಕೈಗೆ. ತನಗಾಗಿ ಪ್ರಾರ್ಥಿಸಿ ಅಂತ ಅವಳೂ ಅದರಲ್ಲಿ ಬರೆದಳು.

ಇನ್ನು ಕೊಳ್ಳುವ ಮಾತು. ವಿದೇಶದಲ್ಲಿದ್ದಾಗ ಎಲ್ಲರಿಗೂ ಆಸೆಯಾಗುತ್ತದೆ. ಒಂದೇ ಒಂದು ಬಿಡಿ ಹಾಳೆ, ಚೌಕಟ್ಟು ಹಾಕಿಸಿದ್ದು, ನಿನ್ನ ತಿಂಗಳ ಉಳಿತಾಯಕ್ಕೆ ಸಿಗುವಂಥದ್ದು, ಬೆಂಗಳೂರಿನ ಮನೆಯ ಗೋಡೆಗೆ ಚಂದ. ಬೇಡ. ಆ ಹಾಳೆಗಳು ಎಲ್ಲಿಂದ ಬಂದವು ಅಂತ ಯೋಚಿಸು. ಜಾನ್ ರಸ್ಕಿನ್‌ನಂಥ ಕಲಾಪ್ರೇಮಿಯೇ ತನ್ನ ಹಸ್ತಪ್ರತಿಗಳನ್ನು ಕತ್ತರಿಸಿ ಹಂಚಿದ. ಅಮೆರಿಕದ ಕ್ಲೀವ್‌ಲ್ಯಾಂಡಿನ ಆಟೋ ಎಗೀ, 1951ರಲ್ಲಿ ತೀರಿಕೊಂಡವನು, ಬಡ ಕಾಲೇಜಿಗೂ ಮಧ್ಯಯುಗದ ಒಂದು ಹಾಳೆ ಸಿಗಲಿ ಎಂಬ ವಾದ ಹೂಡಿ ಪುಸ್ತಕಗಳನ್ನು ಬಿಡಿಸಿ, ಐವತ್ತು ಹಾಳೆಗಳ ಪೆಟ್ಟಿಗೆ ಮಾಡಿ ಮಾರಿದ. ಅವನ ವಾದ ಕೇಳಲು ಸೊಗಸು, ನಾನೂ ಅದನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ನಾನು ಇಷ್ಟು ಹೊತ್ತು ಹೇಳಿದ ಮಡಿಕೆಕಟ್ಟು, ಕೂದಲ ಬದಿ, ಕೊಳೆಯ ನಕ್ಷೆ, ಹೆರೆದ ಹೆಸರು ಇವೆಲ್ಲ ಪುಸ್ತಕ ಒಟ್ಟಿಗಿದ್ದರೆ ಮಾತ್ರ ಮಾತಾಡುತ್ತವೆ. ಕ್ಯಾಥರಿನ್ ಆಫ್ ಕ್ಲೀವ್ಸ್ ಎಂಬ ಡ್ಯೂಕ್ ಪತ್ನಿಯ 1440ರ ಸುಮಾರಿನ ಪುಸ್ತಕವನ್ನು 19ನೇ ಶತಮಾನದ ವ್ಯಾಪಾರಿ ಬಿಚ್ಚಿ, ಕಲಸಿ, ಎರಡು ಪುಸ್ತಕವಾಗಿ ಮಾರಿಬಿಟ್ಟ. ಎರಡನೆಯದು ಇದೆಯೆಂದು ತಿಳಿದದ್ದೇ 1963ರಲ್ಲಿ. ಅದೃಷ್ಟಕ್ಕೆ ಈಗ ಎರಡೂ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿವೆ. ಇಂಥ ಅದೃಷ್ಟ ಎಷ್ಟು ಪುಸ್ತಕಕ್ಕೆ ಬಂದೀತು? ನೀನು ಕೊಳ್ಳುವ ಒಂದೊಂದು ಹಾಳೆಯೂ ಇನ್ನೊಂದು ಪುಸ್ತಕ ಬಿಚ್ಚಿದರೆ ಲಾಭವಿದೆ ಅಂತ ಕತ್ತರಿ ಹಿಡಿದವನಿಗೆ ಹೇಳುತ್ತದೆ. ಗೋಡೆ ಖಾಲಿ ಕಂಡರೆ ಒಳ್ಳೆಯ ಫೋಟೋಪ್ರತಿ ಹಾಕಿಸು.

ಫೋಟೋ ಎಂದ ಮೇಲೆ, ಹೋಗುವ ಮುಂಚೆ ಮನೆಯಲ್ಲಿ ಕೂತು ಮಾಡಬೇಕಾದದ್ದು ಒಂದಿದೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಬಾಲ್ಟಿಮೋರಿನ ವಾಲ್ಟರ್ಸ್ ಸಂಗ್ರಹಾಲಯ ಇವು ಇಡೀ ಇಡೀ ಪುಸ್ತಕದ ಚಿತ್ರಗಳನ್ನು ಪುಕ್ಕಟೆ ಇಟ್ಟಿವೆ. ಎರಡು ಮೂರು ಪುಸ್ತಕವನ್ನು ಪರದೆಯ ಮೇಲೇ ಮೊದಲಿಂದ ಕೊನೆಯವರೆಗೆ ಓದು. ಪಂಚಾಂಗ, ಲಿಟನಿ, ಕೈಬರಹ, ಸಂಕ್ಷೇಪಾಕ್ಷರ ಎಲ್ಲ ಅಲ್ಲೇ ಅಭ್ಯಾಸವಾಗುತ್ತದೆ. ಓದುಕೋಣೆಯ ಹೊತ್ತನ್ನು ಅದಕ್ಕೆ ಸುರಿಯಬೇಡ. ಹಾಳೆಯ ದಪ್ಪ, ಕೂದಲ ಬದಿ ಯಾವುದು, ಅಡ್ಡ ಬೆಳಕಿನಲ್ಲಿ ಹೆರೆದ ಜಾಗ, ಸೂಜಿಯ ತೂತು, ಹೊಲಿಗೆ ಎಲ್ಲಿ ಬರುತ್ತದೆ ಅನ್ನುವುದು ಇವೇ ಫೋಟೋಕ್ಕೆ ಸಿಗದವು. ಇವುಗಳ ಪಟ್ಟಿ ಮಾಡಿಕೊಂಡು ಹೋಗು. ಪುಸ್ತಕ ಇಡಲು ಸ್ಪಂಜಿನ ದಿಂಬು ಕೇಳಿ ತೆಗೆದುಕೋ, 90 ಡಿಗ್ರಿಗಿಂತ ಹೆಚ್ಚು ಬಿಚ್ಚಬೇಡ, ಬೆನ್ನು ಬಿಗಿಯಾಗಿದ್ದರೆ ಅಷ್ಟೂ ಬೇಡ. ಅಲ್ಲಿಯ ಸಂರಕ್ಷಕರ ಜೊತೆ ಸಲಿಗೆ ಬೆಳೆಸಿಕೋ. ಮಾಸಿದ ಮೂಲೆಗಳನ್ನು ಶುಚಿ ಮಾಡುವ ಯೋಜನೆ ಇದೆ ಅಂತ ಯಾರಾದರೂ ಅಂದರೆ, ಅದಕ್ಕೆ ಮೊದಲು ಪ್ರತಿ ಪುಟದ ಮೂಲೆಯನ್ನೂ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಲು ಒಪ್ಪಿಸು. ಒಪ್ಪದಿದ್ದರೆ ನನಗೆ ಬರೆ, ಅಲ್ಲಿ ನನಗೆ ಇನ್ನೂ ಒಬ್ಬಿಬ್ಬರ ಪರಿಚಯವಿದೆ.